ಮಂತ್ರಿಗಳು ಬಾಯಲ್ಲಿ ಬದಲಿಸಿದ ನಿಯಮ

ಕಾಯಿಲೆ ಬಿದ್ದು ಎರಡು ವರ್ಷ ಓದು ನಿಂತಿದ್ದರಿಂದ, ದೇವನಹಳ್ಳಿ ಮಿಡ್ಲ್ ಸ್ಕೂಲಿನ ಕೊನೆಯ ತರಗತಿಯಲ್ಲಿ ನಾನೇ ಎಲ್ಲರಿಗಿಂತ ದೊಡ್ಡವಳು. ಮೈಸೂರಿನಲ್ಲಿ ಮಹಾರಾಜರ ಕೈಯಿಂದ ಜನರ ಮಂತ್ರಿಗಳಿಗೆ ಆಡಳಿತ ಬಂದು, ಜವಾಬ್ದಾರಿ ಸರ್ಕಾರ ಶುರುವಾದ ಹೊಸದು. ಒಂದು ದಿನ ವಿದ್ಯಾಮಂತ್ರಿಗಳು ನಮ್ಮ ಶಾಲೆ ನೋಡಲು ಬಂದು, ನನ್ನನ್ನು ಕಂಡು ವಯಸ್ಸು ಕೇಳಿದರು. ಹದಿನಾರು ಎಂದೆ.

"ಇಷ್ಟು ದೊಡ್ಡವರು ಚಿಕ್ಕ ಮಕ್ಕಳ ಜೊತೆ ಪರೀಕ್ಷೆಗೆ ಕೂರೋದು ಬೇಡ. ಈ ವರ್ಷದಿಂದಲೇ ನಿಯಮ ಬದಲಾಯ್ತು ಅಂತ ತಿಳ್ಕೊಳ್ಳಿ" ಎಂದು ಹೆಡ್‌ಮೇಷ್ಟರಿಗೆ ಹೇಳಿದರು.

ನನಗೆ ಅಳು ಬಂದುಬಿಟ್ಟಿತು. ಹೆಡ್‌ಮೇಷ್ಟರು ಗದರಿ ಮಾತಾಡಿದ್ದನ್ನು ನಾವು ಕೇಳಿದವರಲ್ಲ. ಅಂದೂ ಮೆಲ್ಲಗೇ ಹೇಳಿದರು.

"ತಪ್ಪು ತಿಳೀಬೇಡಿ ಸ್ವಾಮಿ. ನಿಯಮ ತಿದ್ದಬೇಕಾದ್ರೆ ಸರ್ಕಾರದ ಆದೇಶ ಆಗಿ ಗೆಜೆಟ್‌ನಲ್ಲಿ ಬರಬೇಕು. ಬಂದ್ರೂ ಅದು ಮುಂದೆ ಸೇರೋರಿಗೆ. ಈ ಹುಡುಗಿ ವಯಸ್ಸಿನ ಮಿತಿ ಇಲ್ಲದ ಈಗಿನ ನಿಯಮ ನಂಬಿ ಸೇರಿದಾಳೆ. ತಾವು ಬಾಯಲ್ಲಿ ಹೇಳಿದ್ರಿ ಅಂತ ನಾನು ಇವಳನ್ನ ತಡೆಯೋ ಹಾಗಿಲ್ಲ."

ಜೊತೆಗೆ ಬಂದಿದ್ದ ತಾಲ್ಲೂಕಿನ ಅಧಿಕಾರಿ ಅಮಲ್ದಾರರು ನೆಲ ನೋಡುತ್ತಾ ನಿಂತರು. ಮಂತ್ರಿಗಳು ನಕ್ಕರು.

"ಮೇಷ್ಟ್ರೇ, ನಾನೂ ವಕೀಲಿ ಮಾಡ್ದೋನು. ಕೋರ್ಟಲ್ಲಿ ಇದೇ ವಾದ ಮಾಡ್ತಿದ್ದೆ. ಆಗ್ಲಿ, ಬರೀಲಿ" ಎಂದರು. ನನ್ನ ಕಡೆ ತಿರುಗಿ, "ಚೆನ್ನಾಗಿ ಓದ್ಕೊಳಮ್ಮ" ಎಂದು ಹೇಳಿ ಕಾರು ಹತ್ತಿದರು.

ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಹೊಲದಿಂದ ಆಗಷ್ಟೇ ಬಂದಿದ್ದ ಅಪ್ಪ ಜಗಲಿ ಮೇಲೆ ಕೂತು ಪೂರ್ತಿ ಕೇಳಿದರು. "ಮಂತ್ರೀನೂ ಕಾನೂನು ಮೀರಂಗಿಲ್ಲ ಅನ್ನು" ಎಂದರು. ಆ ಮಾತು ಅವರಿಗೆ ಎಷ್ಟು ಹಿಡಿಸಿತೆಂದರೆ, ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಆ ಬೇಸಿಗೆಯಲ್ಲಿ ಪರೀಕ್ಷೆ ಬರೆದು ಪಾಸಾದೆ. ಅಮ್ಮ ಹೆಡ್‌ಮೇಷ್ಟರ ಮನೆಗೆ ನಮ್ಮ ತೋಟದ ಚಕ್ಕೋತ ಕಳಿಸಿಕೊಟ್ಟಳು.