ಸೈಲೆನ್ಸರ್ ಬಿಚ್ಚಿ ನೇರ ಪೈಪು ಹಾಕಿದ ಶನಿವಾರ

೧೯೯೪ರ ಫೆಬ್ರವರಿ, ಎರಡನೇ ಶನಿವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಸ್ಥಳ, ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವ ರಸ್ತೆಯ ಮೇಲಿದ್ದ ನನ್ನ ಗ್ಯಾರೇಜು. ಹಾಜರಿದ್ದವರು ಮೂವರು: ನಾನು, ತನ್ನ ಡೀಸೆಲ್ ಪಿಕಪ್ ಗಾಡಿಯನ್ನು ತಾನೇ ಓಡಿಸುವ ಒಬ್ಬ ಮಾಲೀಕ, ಮತ್ತು ಅವನ ಪಕ್ಕದ ಸೀಟಿನಿಂದ ಕಂಬಳಿ ಹೆಗಲಿಗೇರಿಸಿಕೊಂಡು ಇಳಿದ, ಕುರಿ ಸಾಕುವ ಮನೆಯ ಒಬ್ಬ ಹೆಂಗಸು. ಗ್ಯಾರೇಜು ತೆರೆಯುತ್ತಿದ್ದದ್ದು ಏಳಕ್ಕೆ. ಅಷ್ಟರಲ್ಲಿ ನೆಲ ಗುಡಿಸಿ, ಸ್ಪ್ಯಾನರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಹಲಗೆಗೆ ತೂಗುಹಾಕಿ ಆಗಿತ್ತು. ಸೈನ್ಯದ ವಾಹನ ದುರಸ್ತಿಯಲ್ಲಿ ಇಪ್ಪತ್ತನಾಲ್ಕು ವರ್ಷ ಕಳೆದವನಿಗೆ ಅದು ಕೆಲಸವೆಂದೇ ಅನ್ನಿಸುತ್ತಿರಲಿಲ್ಲ.

ಆ ಗಾಡಿ ನನಗೆ ಹೊಸದಲ್ಲ. ಮೂರು ವಾರದ ಹಿಂದೆ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿ, ಬೀದಿಗೆಲ್ಲ ಕೇಳುವಂತೆ ಗುಡುಗುತ್ತ ಬಂದಿತ್ತು. ಒಳಗಿನ ತೂತಿನ ಕೊಳವೆಯನ್ನು ಹೊಸದಾಗಿ ಮಾಡಿ, ಹೊರಗೆ ತಗಡು ಸುತ್ತಿ, ಎರಡು ದಿನ ಕೂತು ಬೆಸುಗೆ ಹಾಕಿದ್ದೆ. ಎಂಜಿನ್ ಓಡುತ್ತಿರುವಾಗ ಪಕ್ಕದಲ್ಲಿ ನಿಂತು ಮೆಲ್ಲಗೆ ಮಾತಾಡಬಹುದಿತ್ತು. ಈಗ ಹೊಗಳಲು ಬಂದಿದ್ದಾನೆ ಎಂದುಕೊಂಡೆ.

"ಹವಾಲ್ದಾರ್ರೇ, ಅದನ್ನ ಬಿಚ್ಚಿ ಹಾಕ್ರಿ" ಎಂದ ಅವನು. "ಸೀದಾ ಒಂದು ಪೈಪು ಕೂರಿಸಿಕೊಡ್ರಿ. ನಾಳೆ ಸಂತೆ. ಇವತ್ತೇ ಆಗ್ಬೇಕು."

"ಕೆಟ್ಟಿತೇ?"

"ಕೆಟ್ಟಿಲ್ರೀ. ಅದೇ ತೊಂದ್ರೆ."

ನನಗೆ ಮೈಯೆಲ್ಲ ಉರಿಯಿತು. ಕೆಟ್ಟದ್ದನ್ನು ತಂದು ಬೈದವರನ್ನು ನೋಡಿದ್ದೆ, ಸರಿಯಾಗಿದೆ ಎಂದು ದೂರು ತಂದವನನ್ನು ನೋಡಿರಲಿಲ್ಲ. ಅವನು ತಲೆ ತುರಿಸುತ್ತ ನಿಂತ. ಉತ್ತರ ಕೊಟ್ಟದ್ದು ಆ ಹೆಂಗಸು.

"ಯಜಮಾನ್ರೇ, ನೀವು ಮಾಡಿದ್ದು ಭಾಳ ಚೆಂದಾಗೈತೆ. ಗಾಡಿ ಕಳ್ಳನಂಗೆ ಬರ್ತದೆ, ಕಳ್ಳನಂಗೆ ಹೋಗ್ತದೆ. ಎರಡು ಸಂತೆ ಆತು, ನನ್ನ ಟಗರು ಮನೇಲೇ ಅದಾವೆ."

ಸಂಗತಿ ಇಷ್ಟು. ಅವಳ ಹಳ್ಳಿ ಸೊರಬ ದಾಟಿ ಚಂದ್ರಗುತ್ತಿ ಕಡೆ ಹೋಗುವ ರಸ್ತೆಯಿಂದ ಅರ್ಧ ಮೈಲಿ ಒಳಗೆ. ಸಂತೆಯ ದಿನ ಈ ಪಿಕಪ್ಪು ಆ ರಸ್ತೆಯ ಹಳ್ಳಿಗಳಿಂದ ಕುರಿ, ತರಕಾರಿ, ಬೆಲ್ಲ ತುಂಬಿಕೊಂಡು ಶಿರಾಳಕೊಪ್ಪಕ್ಕೆ ಬರುತ್ತಿತ್ತು. ಅದು ದೂರದ ಏರು ಹತ್ತುವಾಗಲೇ ಹರಿದ ಸೈಲೆನ್ಸರಿನ ಸದ್ದು ಹೊಲಕ್ಕೆ ಕೇಳುತ್ತಿತ್ತು. ಆಗ ಕುರಿಗೆ ಹಗ್ಗ ಹಾಕಿ ಹೊರಟರೆ, ಗಾಡಿ ತಿರುವಿಗೆ ಬರುವುದಕ್ಕೂ ಇವರು ತಲುಪುವುದಕ್ಕೂ ಸರಿಹೋಗುತ್ತಿತ್ತು. ನಾನು ಆ ಸದ್ದನ್ನು ಅಡಗಿಸಿಬಿಟ್ಟಿದ್ದೆ. ಎರಡು ಸಂತೆ ಗಾಡಿ ಅರ್ಧ ಖಾಲಿ ಓಡಿತ್ತು. ಆ ರಸ್ತೆಗೆ ಟ್ರ್ಯಾಕ್ಟರಿನವನೊಬ್ಬ ಹೊಸದಾಗಿ ಬರತೊಡಗಿದ್ದ. ನಾಳೆಯೂ ಹೀಗೇ ಆದರೆ ಊರಿನವರೆಲ್ಲ ಅವನಿಗೇ ಹೇಳಿಬಿಡುವುದೆಂದು ನಿಶ್ಚಯಿಸಿದ್ದರು. ಅಲ್ಲಿಗೆ ಈ ಮನುಷ್ಯನ ಸಂತೆಯ ಓಡಾಟ ಮುಗಿದಂತೆ.

"ಹಾರ್ನ್ ಇಲ್ಲವೇ?" ಎಂದೆ.

"ಹಾರ್ನ್ ಎಲ್ಲಾ ಗಾಡೀಗೂ ಇರ್ತದೆ" ಎಂದಳು ಅವಳು. "ಬಸ್ಸಿಂದೋ ಲಾರೀದೋ ಯಾರಿಗೆ ಗೊತ್ತಾಗ್ತದೆ? ನಮ್ಮದು ಅಂತ ಗೊತ್ತಾಗೋದ್ರೊಳಗೆ ಗಾಡಿ ಆಚೆ ಊರಿಗೆ ಹೋಗಿರ್ತದೆ."

"ಹಾಗಾದರೆ ವೇಳಾಪಟ್ಟಿ?"

ನನಗೆ ನಿಜವಾಗಿ ನೋವಾದದ್ದು ಇಲ್ಲಿ. ಸೈಲೆನ್ಸರಿನ ಜೊತೆಗೆ ಒಂದು ತಗಡಿಗೆ ಬಿಳಿ ಬಣ್ಣ ಬಳಿದು, ಯಾವ ತಿರುವಿನಲ್ಲಿ ಎಷ್ಟು ಗಂಟೆಗೆ ಗಾಡಿ ಎಂದು ಚೊಕ್ಕ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ಅವಳ ತಿರುವಿಗೆ ಏಳು ಹತ್ತು. ಅದನ್ನು ಅಲ್ಲಿಯ ಮರಕ್ಕೆ ಹೊಡೆಸಿದ್ದೂ ಆಗಿತ್ತು.

"ಏಳು ಹತ್ತು ಅಂದ್ರೆ ಯಾವಾಗ್ರೀ?" ಎಂದಳು. "ಹಾಲು ಕರೆಯೋಕೆ ಮುಂಚೆಯೋ, ಆಮೇಲೋ?"

ಮಾಲೀಕ ನಕ್ಕುಬಿಟ್ಟ. ನಾನು ಅವನನ್ನು ನೋಡಿದ ಮೇಲೆ ನಿಲ್ಲಿಸಿದ.

ಆಗುವುದಿಲ್ಲ ಎಂದೆ. ಸೈಲೆನ್ಸರ್ ಇಲ್ಲದ ಗಾಡಿ ರಸ್ತೆಗೆ ಬರುವುದು ಅಪರಾಧ, ಊರೊಳಗೆ ಕಾಯಿಲೆಯವರು ಮಲಗಿರುತ್ತಾರೆ, ಮಕ್ಕಳು ಓದುತ್ತಿರುತ್ತಾರೆ, ಇದೆಲ್ಲ ಹೇಳಿದೆ. ಅವನು ಶಾಂತವಾಗಿ ಕೇಳಿಸಿಕೊಂಡು, "ಹಂಗಾದ್ರೆ ಬಸ್ ಸ್ಟ್ಯಾಂಡ್ ಹತ್ರದವನು ಮಾಡ್ಕೊಡ್ತಾನಂತೆ ಬಿಡ್ರಿ. ಚಾಣದಲ್ಲಿ ಹೊಡೆದು ಸೀಟಿನ ಕೆಳಗೇ ಕತ್ತರಿಸಿದ್ರೆ ಹತ್ತು ನಿಮಿಷದ ಕೆಲಸ ಅಂದ" ಎಂದ.

ಸೀಟಿನ ಕೆಳಗೆ ಕತ್ತರಿಸುವುದು. ಅಂದರೆ ಹೊಗೆಯೆಲ್ಲ ಹಿಂದಿನ ಹಲಗೆಗಳ ಸಂದಿಯಿಂದ ಮೇಲೇರಿ, ಕಟ್ಟಿಹಾಕಿದ ಕುರಿಗಳ ಮೂಗಿಗೆ, ಅವುಗಳ ಮಧ್ಯೆ ಕೂತ ಜನರ ಮೂಗಿಗೆ. ಅಂಥವರ ಕೈಗೂ ಚಾಣ ಸಿಗುತ್ತದಲ್ಲ ಎಂಬ ಸಿಟ್ಟಿಗೆ ನಾನು ಆ ಕೆಲಸ ಒಪ್ಪಿಕೊಂಡೆ. ಬೇರೆ ಕಾರಣವಿರಲಿಲ್ಲ.

ಪೈಪು ತಾನೇ ತಂದಿದ್ದೇನೆ ಎಂದು ಅವನು ಹಿಂದಿನಿಂದ ಎಳೆದ. ನೀರಿನ ಪೈಪು. ಮಿರಮಿರ ಸತುವಿನ ಲೇಪ.

"ಇದಕ್ಕೆ ಬೆಸುಗೆ ಹಾಕಿದರೆ ಆ ಹೊಗೆ ಕುಡಿದು ರಾತ್ರಿಯೆಲ್ಲ ನಾನು ಜ್ವರದಲ್ಲಿ ನಡುಗಬೇಕು. ಗೊತ್ತೇ?"

"ಹೊಳೀತದೆ ಅಂತ ತಂದೇರಿ."

ಅದನ್ನು ಗೋಡೆಗೆ ಒರಗಿಸಿ, ಮುಚ್ಚಿಹೋದ ಅಕ್ಕಿ ಗಿರಣಿಯಿಂದ ತಂದಿಟ್ಟಿದ್ದ ಕಪ್ಪು ಕಬ್ಬಿಣದ ಪೈಪು ಹೊರತೆಗೆದೆ. ದಪ್ಪಗಿತ್ತು, ಒಳಗೆ ಚೊಕ್ಕಟವಾಗಿತ್ತು. ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ನಾನು ಕೂರಿಸಿದ್ದ ಸೈಲೆನ್ಸರನ್ನು ನಾನೇ ಬಿಚ್ಚಿದೆ. ನಾಲ್ಕು ನಟ್ಟುಗಳೂ ಬೆಣ್ಣೆಯಂತೆ ತಿರುಗಿದವು. ಅದೂ ಸಿಟ್ಟು ತರಿಸಿತು.

ಹೆಸರಿಗೆ ನೇರ ಪೈಪು, ಆದರೆ ಅದು ನೇರವಿರಲು ಬರುವುದಿಲ್ಲ. ಎಂಜಿನ್ನಿನಿಂದ ಹಿಂದಕ್ಕೆ ಬಂದು, ಹಿಂದಿನ ಆಕ್ಸಲನ್ನು ದಾಟಿ ಹೊರಬೀಳಬೇಕು. ಭಾರ ತುಂಬಿದಾಗ ಗಾಡಿ ತಗ್ಗುತ್ತದೆ, ಆಗಲೂ ಆಕ್ಸಲಿಗೂ ಪೈಪಿಗೂ ನಾಲ್ಕು ಬೆರಳು ಅಂತರ ಉಳಿಯಬೇಕು. ದಪ್ಪ ತಂತಿಯನ್ನು ಗಾಡಿಯ ಕೆಳಗೆ ಹಿಡಿದು ಬಾಗಿಸಿ ಅಳತೆ ತೆಗೆದೆ. ಮರಳನ್ನು ಬಾಣಲೆಯಲ್ಲಿ ಹುರಿಯಲು ಆ ಹೆಂಗಸಿಗೆ ಹೇಳಿದೆ.

"ಮರಳು ಹುರಿದು ತಿನ್ನೋದು ನಿಮ್ಮ ಸೈನ್ಯದಾಗೆ ಕಲಿಸಿದ್ರಾ?" ಎಂದಳು.

"ಹಸಿ ಮರಳು ತುಂಬಿ ಕಾಯಿಸಿದರೆ ಆವಿ ಕಟ್ಟಿ ಪೈಪು ಸಿಡಿಯುತ್ತದೆ, ತಾಯಿ. ಮರಳಿಲ್ಲದೆ ಬಗ್ಗಿಸಿದರೆ ಒಳಗೆ ಮಡಿಕೆ ಬೀಳುತ್ತದೆ."

ಅವಳು ಹುರಿದಳು, ಚೆನ್ನಾಗಿ ಹುರಿದಳು. ಪೈಪಿಗೆ ಮರಳು ತುಂಬಿ, ತಟ್ಟಿ ತಟ್ಟಿ ಇಳಿಸಿ, ಎರಡೂ ಬಾಯಿಗೆ ಮರದ ಬೆಣೆ ಹೊಡೆದೆ. ಕೆಂಪಗೆ ಕಾಯಿಸಿ, ನೆಲಕ್ಕೆ ಹುಗಿದಿದ್ದ ಗೂಟಗಳ ನಡುವೆ ಸಿಕ್ಕಿಸಿ ಮಾಲೀಕನಿಂದ ಎಳೆಸಿದೆ. ಮೊದಲ ಬಾಗು ಸರಿ ಬಂತು. ಎರಡನೆಯದರಲ್ಲಿ ಅವನು ಆತುರ ಮಾಡಿ ಒಂದು ಬೆರಳು ಹೆಚ್ಚು ಎಳೆದ. ಮತ್ತೆ ಕಾಯಿಸಿ ಹಿಂದಕ್ಕೆ ತಂದದ್ದಾಯಿತು.

"ಒಂದು ಬೆರಳಿಗೆ ಏನಾಗ್ತದ್ರೀ?" ಎಂದ. ಅವನ ಜೊತೆ ವಾದಿಸುವುದನ್ನು ಆ ಹೊತ್ತಿಗೆ ಬಿಟ್ಟಿದ್ದೆ.

ಒಂದು ಗಂಟೆಗೆ ಊಟ. ಒಂದೂವರೆಗೆ ಮತ್ತೆ ಕೆಲಸ. ಸೈಲೆನ್ಸರಿಗೆ ಇದ್ದಂಥದೇ, ನಟ್ಟು ಬಿಗಿಯುವ ಪಟ್ಟಿಯನ್ನು, ಅದೇ ನಾಲ್ಕು ತೂತಿನ ಅಳತೆಗೆ, ಈ ಪೈಪಿನ ತುದಿಗೂ ಬೆಸೆದೆ. ಹಳೆ ಟೈರು ಕತ್ತರಿಸಿ ಮೂರು ಕಡೆ ರಬ್ಬರಿನ ತೂಗು ಕೊಟ್ಟೆ. ಜನ ಎಡಗಡೆಯಿಂದ ಹತ್ತುವುದರಿಂದ ಬಾಯಿಯನ್ನು ಬಲಗಡೆ, ಹಿಂದಿನ ಚಕ್ರ ದಾಟಿ ಹೊರಡಿಸಿದೆ.

"ಸಂತೆಯ ದಿನ ಮಾತ್ರ ಇದು" ಎಂದು ಅವನಿಗೆ ಹೇಳಿದೆ. "ಉಳಿದ ಆರು ದಿನ ಸೈಲೆನ್ಸರ್. ನಾಲ್ಕು ನಟ್ಟು, ಹತ್ತು ನಿಮಿಷ. ಸಂತೆಯ ದಿನವೂ ಏರಿನ ಬುಡದಲ್ಲೇ ಹಾಕಿಕೊಳ್ಳಬೇಕು, ಶಿರಾಳಕೊಪ್ಪಕ್ಕೆ ಬರುವ ಮುಂಚೆ ಬಿಚ್ಚಬೇಕು."

"ಆತ್ರೀ" ಎಂದ. ಅಷ್ಟು ಬೇಗ ಒಪ್ಪಿಕೊಂಡವನು ಒಮ್ಮೆಯೂ ಬಿಚ್ಚುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಗಾಡಿಯ ಹಿಂದೆ ಹಗ್ಗ ಹಾಕಿ ಕಟ್ಟಿದೆ.

ನಾಲ್ಕು ಗಂಟೆಗೆ ಎಂಜಿನ್ ಹಚ್ಚಿದ. ಮೂವತ್ತು ವರ್ಷ ಯಾವ ಸದ್ದನ್ನು ಅಡಗಿಸುವುದೇ ನನ್ನ ಕಸುಬಾಗಿತ್ತೋ ಅದು ನನ್ನದೇ ಕೈಯಿಂದ ಹೊರಟು ಹೆಂಚು ನಡುಗಿಸಿತು. ಎದುರಿನ ಅಂಗಡಿಯವನು ಹೊರಗೆ ಬಂದು ನನ್ನನ್ನೇ ನೋಡಿದ. ನಾನು ತಲೆ ತಗ್ಗಿಸಿಕೊಂಡು ಗಾಡಿ ಹತ್ತಿದೆ. ಮೊದಲ ಸಲ ಕಾದ ಮೇಲೆ ನಟ್ಟುಗಳು ಸಡಿಲಾಗುತ್ತವೆ, ಮತ್ತೆ ಬಿಗಿ ಮಾಡದೆ ಕೆಲಸ ಮುಗಿಯಿತೆನ್ನಲು ಬರುವುದಿಲ್ಲ. ಅವಳನ್ನೂ ಮನೆಗೆ ಬಿಡಬೇಕಿತ್ತು.

ಸೊರಬ ದಾಟಿ ಏರು ಹತ್ತುವಾಗ ಸದ್ದು ಗುಡ್ಡಕ್ಕೆ ಬಡಿದು ವಾಪಸು ಬಂತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹಾಂ, ಇದು" ಎಂದಳು. ತಿರುವಿಗೆ ಬಂದು ನಿಂತಾಗ ಐದೂವರೆ. ಅಲ್ಲಿ ಆಗಲೇ ಇಬ್ಬರು ಬುಟ್ಟಿ ಹೊತ್ತು ಬಂದಿದ್ದರು. ಅವಳ ಗಂಡ ಎರಡು ಟಗರನ್ನೂ ತಂದು ಮರಕ್ಕೆ ಕಟ್ಟಿದ್ದ. ಮರಕ್ಕಲ್ಲ, ನನ್ನ ವೇಳಾಪಟ್ಟಿಯ ಮೊಳೆಗೆ. ತಗಡು ಕೆಳಗೆ ಬಿದ್ದಿತ್ತು.

"ಇವತ್ತು ಶನಿವಾರ" ಎಂದೆ.

"ಗಾಡಿ ಬಂತಲ್ರೀ" ಎಂದ ಅವಳ ಗಂಡ.

"ನಾಳೆ ಬರ್ತದೆ, ಟಗರು ಹೊಡ್ಕೊಂಡು ನಡಿ ಮನೆಗೆ" ಎಂದು ಅವಳು ಅವನನ್ನು ಗದರಿದಳು. "ಸಂತೆ ಯಾವತ್ತು ಅಂತಲೂ ಪೈಪೇ ಹೇಳ್ಬೇಕಾ ನಿಂಗೆ?"

ಮಾಲೀಕ ನನ್ನ ಕಡೆ ನೋಡಲಿಲ್ಲ. ಬುಟ್ಟಿಯವರ ಜೊತೆ ನಾಳೆಯ ಮಾತು ಶುರುಮಾಡಿದ್ದ. ಟ್ರ್ಯಾಕ್ಟರಿನ ಸುದ್ದಿ ಯಾರೂ ಎತ್ತಲಿಲ್ಲ. ಕೆಲಸ ಕೆಟ್ಟದ್ದಾಗಿತ್ತು ಎಂದು ಹೇಳಲು ನನಗೆ ಒಂದು ಕಾರಣವೂ ಉಳಿಯಲಿಲ್ಲ, ತಪ್ಪು ಎಂದು ಹೇಳಲು ಹತ್ತು ಉಳಿದಿದ್ದವು.

ತಗಡನ್ನು ಎತ್ತಿ ಮಣ್ಣು ಒರೆಸಿ ಸೀಟಿನ ಮೇಲೆ ಇಟ್ಟೆ. ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿ, ಬಿಸಿಯಾಗಿದ್ದ ನಟ್ಟುಗಳಿಗೆ ಸ್ಪ್ಯಾನರ್ ಕೊಟ್ಟೆ. ಮೂರು ಅಲುಗಾಡಲಿಲ್ಲ. ನಾಲ್ಕನೆಯದು ಕಾಲು ಸುತ್ತು ತೆಗೆದುಕೊಂಡು ಬಿಗಿಯಾಯಿತು.