ಸತ್ತವರ ಪಟ್ಟಿ ಓದುವ ರೇಡಿಯೋ

ರಾಸ್ ಅಲ್ ಖೈರ್‌ನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದ ಕಚೇರಿ. ನನ್ನ ಎದುರಿನ ಮೇಜು ಒಬ್ಬ ಐರಿಶ್ ಎಂಜಿನಿಯರನದು. ದಿನಾ ಊಟಕ್ಕೆ ಮುಂಚೆ ಅವನು ಫೋನಿನಲ್ಲಿ ತನ್ನ ಊರಿನ ರೇಡಿಯೋ ಹಾಕುತ್ತಿದ್ದ. ದನದ ಸಂತೆಯ ದರ, ಕಳೆದುಹೋದ ನಾಯಿ, ಯಾವುದೋ ಅಜ್ಜಿಯ ಹುಟ್ಟುಹಬ್ಬ. ಆಮೇಲೆ ಸತ್ತವರ ಪಟ್ಟಿ: ಹೆಸರು, ಊರು, ಅಗಲಿದವರ ಬಂಧುಗಳು ಒಬ್ಬೊಬ್ಬರಾಗಿ. ಅದು ಮುಗಿಯುವ ತನಕ ನಾನು ಕೆಮ್ಮುವ ಹಾಗೂ ಇರಲಿಲ್ಲ.

ಊಟದ ಹೊತ್ತಿಗೆ ಇದೆಂಥ ಹೆಣದ ಸುದ್ದಿ ಎಂದು ಒಮ್ಮೆ ರೇಗಿದೆ.

"ಅಣ್ಣನಿಗೂ ನನಗೂ ಮಾತಿಲ್ಲ. ಅವನಿಗೆ ಏನಾದರೂ ಆದರೆ ನನಗೆ ಫೋನ್ ಮಾಡುವವರಿಲ್ಲ. ಈ ರೇಡಿಯೋವೇ ಹೇಳಬೇಕು" ಎಂದ.

ನನಗೂ ನನ್ನ ತಮ್ಮನಿಗೂ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ಅಕ್ಕನ ಮಗಳ ಮದುವೆಯಲ್ಲಿ ಅವನು ಎಲ್ಲರೆದುರು ಆಡಿದ ಒಂದು ಮಾತಿಗೆ ಎಲೆ ಮುಂದಿನಿಂದ ಎದ್ದು ಬಂದವನು ನಾನು. ಬೇಕಾದರೆ ಅವನೇ ಫೋನ್ ಮಾಡಲಿ ಅಂತ ನನ್ನ ಹಟ. ಕ್ಯಾಂಪಿನ ಕೋಣೆಯಲ್ಲಿ ಒಬ್ಬನೇ ಕೂತು ಆ ಹಟವನ್ನು ಸಾಕಿಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ ಒಂದು ದಿನ ರೇಡಿಯೋ ಹೊತ್ತಿಗೆ ಎಂಜಿನಿಯರನಿಗೆ ಪಂಪುಗಳ ಕಡೆ ಕೆಲಸ ಬಿತ್ತು. ಊರಿನ ಹೆಸರು, ಅಣ್ಣನ ಹೆಸರು ಚೀಟಿಯಲ್ಲಿ ಬರೆದು, ಇವತ್ತು ನೀನೇ ಕೇಳು ಎಂದು ಫೋನನ್ನು ನನ್ನ ಮೇಜಿನ ಮೇಲಿಟ್ಟು ಹೋದ. ಪಟ್ಟಿಯಲ್ಲಿ ಮೂರನೆಯದಾಗಿ ಆ ಊರು ಬಂತು, ಆ ಹೆಸರೂ ಬಂತು. ಬಂಧುಗಳ ಹೆಸರು ಮುಗಿಯುವ ತನಕ ಕೇಳಿದೆ.

ಹೋಗಿ ಹೇಳಿದೆ. ಅವನು ಹೆಲ್ಮೆಟ್ ತೆಗೆದ. ಯಾವಾಗ, ಹೇಗೆ ಎಂದು ಕೇಳಲಿಲ್ಲ.

"ಬಂಧುಗಳಲ್ಲಿ ನನ್ನ ಹೆಸರು ಓದಿದರಾ?"

"ಓದಿದರು. ತಮ್ಮ, ಸೌದಿ ಅರೇಬಿಯಾ ಅಂತ."

ಆರಡಿಯ ಆಳು ಪೈಪಿನ ಮೇಲೆ ಕೂತು ಅತ್ತುಬಿಟ್ಟ. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ ಸಾವಾದರೆ ಬಂಧುಗಳ ಸಾಲಿನಲ್ಲಿ ಯಾರಾದರೂ ನನ್ನ ಹೆಸರು ಸೇರಿಸುತ್ತಾರೆಯೇ?

ಮರುದಿನ ಅವನು ವಿಮಾನ ಹತ್ತಿದ. ಊಟಕ್ಕೆ ಮುಂಚಿನ ಆ ಹೊತ್ತು ಕಚೇರಿ ಬಿಕೋ ಎನ್ನುತ್ತಿತ್ತು. ಮೂರು ದಿನ ತಡೆದೆ. ನಾಲ್ಕನೆಯ ದಿನ, ಹಟ ಹಾಳಾಗಲಿ ಎಂದು ತಮ್ಮನಿಗೆ ಫೋನ್ ಮಾಡಿದೆ.

"ಯಾರು ಮಾತಾಡುದು?"

"ನಾನು ಮಾರಾಯ."

"ನಾನು ಅಂದ್ರೆ ಯಾರು?"

ಬೇಕೆಂದೇ ಕೇಳಿದನೋ, ನಿಜಕ್ಕೂ ನನ್ನ ಸ್ವರ ಮರೆತಿದ್ದನೋ, ನನಗೆ ತಿಳಿಯಲಿಲ್ಲ.

"ಅಣ್ಣ" ಎಂದೆ. "ಸೌದಿ ಅರೇಬಿಯಾ."