ವನಜಕ್ಕನ ಮೇಲಿನ ಮನೆ

ವನಜಕ್ಕ ಸಾಲದ ಬಡ್ಡಿಯ ಬಗ್ಗೆ ಮಾತಾಡುವಾಗಲೂ ಎದುರಿನವರ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ನರ್ಸ್ ಆಗಿದ್ದವರ ಅಭ್ಯಾಸ. "ನಾಡಿ ಜೋರಿತ್ತ್ ಕಾಣಿ, ಚಾ ಕಮ್ಮಿ ಮಾಡಿ," ಎಂದು ನನ್ನನ್ನು ಗದರಿಯೇ ತೆರಿಗೆಯ ವಿಷಯಕ್ಕೆ ಬರುವುದು.

ಕುಂದಾಪುರದ ನನ್ನ ತೆರಿಗೆ ಸಲಹೆಯ ಕಚೇರಿಗೆ ಅವರು ಮೊದಲು ಬಂದದ್ದು ಒಂದು ಸಂಶಯ ಹೊತ್ತು. ಬ್ರಹ್ಮಾವರದ ಅವರ ಮನೆಯಲ್ಲಿ ಜೊತೆಗಿದ್ದವರು ಅವರದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಗಿರಿಜಾ ಒಬ್ಬರೇ. ಇಬ್ಬರೂ ಮದುವೆಯಾದವರಲ್ಲ. ಮನೆಯ ಹಳೇ ಸಾಲವನ್ನು ಬೇರೆ ಬ್ಯಾಂಕಿಗೆ ಬದಲಾಯಿಸಿ, ಜೊತೆಗೆ ಇನ್ನಷ್ಟು ಸಾಲ ಪಡೆದು, ವನಜಕ್ಕ ಬಾಡಿಗೆಗೆಂದು ಮಹಡಿ ಕಟ್ಟಿಸುತ್ತಿದ್ದರು.

"ಅಡವಿಟ್ಟದ್ ನಾನಿಪ್ಪ ಮನಿ. ಅದ್ರ್ ಬಡ್ಡಿನ ಬಾಡ್ಗಿ ದುಡ್ಡಿಂದ ಕಳೂಕ್ ಆತ್ತಾ?"

"ಅಡವಿಟ್ಟದ್ ಯಾವ್ದ್ ಅಂದೇಳಿ ಅಲ್ಲ ವನಜಕ್ಕ, ದುಡ್ಡ್ ಎಲ್ಲಿಗ್ ಹೋಯ್ತ್ ಅಂದೇಳಿ ಕಾಂಬುದ್. ಮಹಡಿಗ್ ಹಾಕ್ದಷ್ಟರ ಬಡ್ಡಿ ಕಳೂಕಾತ್ತ್. ಹಳೇ ಸಾಲದ್ ಲೆಕ್ಕ ಬೇರೆ."

ಮಹಡಿ ಮುಗಿಯುವ ಮೊದಲೇ ಗಿರಿಜಾ ಕಾಯಿಲೆ ಬಿದ್ದರು. ಉಳಿಯಲಿಲ್ಲ. ಮಹಡಿ ಮುಗಿದು ಬಾಡಿಗೆ ಬರತೊಡಗಿದ ವರ್ಷ ರಿಟರ್ನ್ ತುಂಬುವಾಗ ನಾನು ಹೆಚ್ಚುವರಿ ಸಾಲದ ಬಡ್ಡಿಯನ್ನೆಲ್ಲ ಬಾಡಿಗೆಯಿಂದ ಕಳೆದು ತೋರಿಸಿದ್ದೆ. ವನಜಕ್ಕ ತಡೆದರು.

"ಅದ್ರಗ್ ಸ್ವಲ್ಪ ಗಿರಿಜಾನ ಆಪರೇಷನ್ನಿಗ್ ಹೋಯ್ತ್. ಅಷ್ಟ್ ಬಿಡಿ."

"ಯಾರ್ ಕೇಂತ್ರ್ ವನಜಕ್ಕ?"

"ಯಾರೂ ಕೇಂಬುದಿಲ್ಲ. ಆರೆ ಅದ್ ಅವಳಿಗ್ ಕೊಟ್ಟದ್. ಮನಿ ಲೆಕ್ಕಕ್ ಸೇರ್ಸ್ಬೇಡಿ."

ಗಿರಿಜಾ ಹೆಸರು ಅವರ ಬಾಯಲ್ಲಿ ಮತ್ತೆ ಬರಲಿಲ್ಲ.

ಮೇಲಿನ ಮನೆಗೆ ಬಾಡಿಗೆಗೆ ಬಂದದ್ದು ಬೈಂದೂರಿನ ಮೇಷ್ಟ್ರೊಬ್ಬರ ಸಂಸಾರ. ಅವರ ಪುಟ್ಟ ಮಗಳು ಇಡೀ ದಿನ ದಡಬಡ ಓಡಾಡುತ್ತಿದ್ದಳಂತೆ. ಬಾಡಿಗೆ ಬಡ್ಡಿಗೇ ಸರಿಹೋಗುತ್ತಿತ್ತು. ಕೆಳಗಿನದನ್ನೂ ಸೇರಿಸಿ ಮಾರಿ, ನೆಮ್ಮದಿಯಾಗಿರಿ ಎಂದು ನಾನು ಹೇಳಿದರೆ, "ಇರ್ಲಿ ಮಾರಾಯ್ರೆ," ಎಂದು ಮಾತು ತೇಲಿಸುತ್ತಿದ್ದರು.

ಮೇಷ್ಟ್ರಿಗೆ ವರ್ಗವಾಯಿತು. ಆಮೇಲೆ ಯಾರೂ ಬರಲಿಲ್ಲ. ವನಜಕ್ಕನಿಗೂ ಬಸ್ಸು ಹತ್ತಲು ಆಗುತ್ತಿರಲಿಲ್ಲ. ರಿಟರ್ನಿಗೆ ಸಹಿ ಹಾಕಿಸಲು ನಾನೇ ಹೋದೆ. ಅದೇ ಕೊನೆಯ ಭೇಟಿ. ಮುಂದಿನ ಮಳೆಗಾಲವನ್ನು ಅವರು ಕಾಣಲಿಲ್ಲ.

ಸಹಿ ಆದಮೇಲೆ ಮೇಲಿನ ಮನೆಯ ಕೀಲಿ ಕೊಟ್ಟು, "ಹ್ವಾಯ್, ಮೇಲ್ ಹೋಯಿ ಒಂಚೂರ್ ನಡ್ದಾಡಿ. ನಾನ್ ಇಲ್ಲೇ ಕೂಕಂತೆ," ಎಂದರು.

ಏನಾದರೂ ಸೋರಿಕೆ ನೋಡಲಿಕ್ಕಿರಬೇಕು ಎಂದುಕೊಂಡೆ. ಬರಿದಾದ ಕೋಣೆಗಳಲ್ಲಿ ಗೋಡೆಯಿಂದ ಗೋಡೆಗೆ ನಡೆದು ಕೆಳಗೆ ಬಂದರೆ, ವನಜಕ್ಕ ಕುರ್ಚಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದರು.

"ಎಂತ ವನಜಕ್ಕ, ಸೋರ್ತಿತ್ತಾ?"

"ಇಲ್ಲ. ಮೇಲ್ ಜನ ಇದ್ದಂಗ್ ಕೇಂತ್," ಎಂದರು, ಕಣ್ಣು ತೆರೆಯದೆ. "ಇನ್ನೊಂದ್ ಗಳಿಗಿ ನಡಿತ್ರಿಯಾ?"

ಚಪ್ಪಲಿ ಹಾಕಿಕೊಂಡು, ಶಬ್ದವಾಗುವಂತೆ ಮೆಟ್ಟಿಲು ಹತ್ತಿದೆ.